ಸೊಪ್ಪಿನಂಗಡಿಯ ಮುಂದೆ ಒಂದು ಕೂಗು

ಇದು ೨೦೧೪ರಲ್ಲಿ ಶುರುವಾದ ಮಾತು. ನಾನು ಆಗ ಆಕ್ಲೆಂಡಿನ ಒಂದು ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದೆ. ಎಚ್‌ಐವಿ ಪರೀಕ್ಷೆ ಮಾಡುವುದು, ಬಂದವರ ಜೊತೆ ಕೂತು ಮಾತಾಡಿ ಧೈರ್ಯ ಹೇಳುವುದು ನನ್ನ ಕೆಲಸ. ಆಫ್ರಿಕಾದಿಂದ ಬಂದು ಇಲ್ಲಿ ನೆಲೆಸಿದ ಕುಟುಂಬಗಳು ಹೆಚ್ಚಾಗಿ ನನ್ನ ಪಾಲಿಗೇ ಬರುತ್ತಿದ್ದವು.

ಜಿಂಬಾಬ್ವೆಯ ತೆಂಡಾಯಿಗೆ ಸೋಂಕಿರುವುದು ಗೊತ್ತಾದದ್ದು ಬಸುರಿಯಾದಾಗ ಮಾಡಿದ ರಕ್ತಪರೀಕ್ಷೆಯಲ್ಲಿ. ಇದನ್ನೆಲ್ಲ ಬರೆಯಲು ಅವಳೇ ಒಪ್ಪಿದ್ದಾಳೆ, ಹೆಸರು ಮಾತ್ರ ಬದಲಿಸಿದ್ದೇನೆ. ಫಲಿತಾಂಶ ಹೇಳಿದ ದಿನ ಅವಳು ನನ್ನ ಕೈ ಹಿಡಿದು ಕೇಳಿದ್ದು ಒಂದೇ ಮಾತು, "ಮಗುವಿಗೂ ಬರುತ್ತಾ ಸಿಸ್ಟರ್?" ಔಷಧಿ ತಪ್ಪಿಸದಿದ್ದರೆ ಬಹುಮಟ್ಟಿಗೆ ತಡೆಯಬಹುದು ಎಂದೆ. ಮಹಾತಾಯಿ ಒಂದು ಹೊತ್ತೂ ತಪ್ಪಿಸಲಿಲ್ಲ. ಹೆಣ್ಣುಮಗು ಹುಟ್ಟಿತು. ಮೊದಲ ಪರೀಕ್ಷೆಗಳಲ್ಲಿ ಸೋಂಕಿಲ್ಲವೆಂದು ಬಂದರೂ ಅವಳು ನಗಲಿಲ್ಲ.

"ನಮ್ಮೂರಲ್ಲಿ ಖುಷಿಯಾದ್ರೆ ಹೆಂಗಸರು ನಾಲಿಗೆ ಹೊರಳಿಸಿ ಉಲುಲು ಅಂತ ಕೂಗ್ತೀವಿ. ಕೊನೇ ಟೆಸ್ಟ್ ಆಗ್ಲಿ, ಆಗ ಕೂಗ್ತೀನಿ," ಎಂದಳು.

ಮಗುವಿಗೆ ಒಂದೂವರೆ ವರ್ಷವಾದಾಗ ಆ ಕೊನೆಯ ಫಲಿತಾಂಶವೂ ಬಂತು. ಸೋಂಕಿಲ್ಲ, ಇನ್ನು ಪರೀಕ್ಷೆಯೂ ಬೇಕಿಲ್ಲ ಎಂದೆ. ಅವಳ ಬಾಯಿ ತೆರೆಯಿತು, ತಕ್ಷಣ ಕೈ ಅಡ್ಡ ಬಂತು. ಬೇರೇನೋ ಕಾಯಿಲೆಗೆಂದು ಬಂದ ಅವಳ ಚರ್ಚಿನ ಹೆಂಗಸೊಬ್ಬಳು ಹೊರಗೇ ಕೂತಿದ್ದಳು. ಕೂಗಿದರೆ ಕಾರಣ ಹೇಳಬೇಕಲ್ಲ. ಮಗುವಿನ ಸ್ವೆಟರಿನಲ್ಲಿ ಮುಖ ಹುದುಗಿಸಿ ಅತ್ತಳು, ನಕ್ಕಳು.

ಆ ಭಾನುವಾರ ನಾನೂ ನಮ್ಮವರೂ ಏವನ್‌ಡೇಲ್ ಸಂತೆಗೆ ಹೋಗಿದ್ದೆವು. ಸೊಪ್ಪಿನ ರಾಶಿಯ ಆಚೆ ತೆಂಡಾಯಿ, ಕಂಕುಳಲ್ಲಿ ಮಗು. ಹೊರಗೆ ಸಿಕ್ಕವರಿಗೆ ನಾವಾಗಿ ಗುರುತು ತೋರಿಸಬಾರದು ಎನ್ನುವುದು ನಮ್ಮ ಕೆಲಸದ ಕಟ್ಟುನಿಟ್ಟಿನ ನಿಯಮ. ತಲೆ ಬಗ್ಗಿಸಿ, ಬೆಂಡೆಕಾಯಿ ತುದಿ ಮುರಿದು ನೋಡುತ್ತಾ ನಿಂತೆ.

ಅವಳು ನೋಡಿಯೇಬಿಟ್ಟಳು. ಚೀಲ ನೆಲಕ್ಕಿಟ್ಟು ಕತ್ತೆತ್ತಿ ಕೂಗಿದಳು ನೋಡಿ, ಸಂತೆಗೆ ಸಂತೆಯೇ ತಿರುಗಿತು. ಮಗು ಚಪ್ಪಾಳೆ ತಟ್ಟಿತು. ಅಂಗಡಿಯವನು ಗಾಬರಿಯಾಗಿ ಏನಾಯಿತೆಂದು ಕೇಳಿದ.

"ನಿನ್ನ ಸೊಪ್ಪು ಬಹಳ ಚೆನ್ನಾಗಿದೆ," ಎಂದಳು ತೆಂಡಾಯಿ.

"ಯಾರೇ ಅವ್ರು, ನಿನ್ನೇ ನೋಡ್ಕೊಂಡು ಕೂಗಿದ್ರಲ್ಲ?" ನಮ್ಮವರು ಕೇಳಿದರು.

"ನಂಗೇನ್ರೀ ಗೊತ್ತು? ಸೊಪ್ಪು ಚೆನ್ನಾಗಿದ್ಯಂತೆ, ಬನ್ನಿ ನಾವೂ ತಗೊಳ್ಳೋಣ."

ಅಂದಿನಿಂದ ಸೊಪ್ಪಿನ ಸಾರು ಮಾಡಿದಾಗಲೆಲ್ಲ ನನಗೆ ನಗು ಬರುತ್ತದೆ, ಕಣ್ಣೂ ತುಂಬುತ್ತದೆ. ಯಾಕೆಂದು ನಮ್ಮವರು ಪ್ರತಿಸಲವೂ ಕೇಳುತ್ತಾರೆ. ಅವರಿಗೆ ಕಾರಣ ಗೊತ್ತಾಗುವುದು ಇದನ್ನು ಓದಿದ ಮೇಲೆಯೇ.