ದೀಪಕ್ಕೆ ಮಾತ್ರ

ಕಸ್ತೂರಕ್ಕ, ಅಂದು ತೊಟ್ಟಿಲು ಬಿದ್ದದ್ದು ನಿಮ್ಮ ಕೈಯಿಂದಲ್ಲ. ನೀವು ಕಟ್ಟಿದ ಗಂಟು ಬಿಚ್ಚಿರಲಿಲ್ಲ. ಸ್ಲ್ಯಾಬಿನಲ್ಲಿ ನಾನು ಕೂರಿಸಿದ್ದ ಡಬ್ಬಿಯ ಮುಚ್ಚಳ ಭಾರ ತಡೆಯದೆ ಕಿತ್ತು ಬಂದಿತ್ತು. ಅದು ನನಗೆ ಅಂದೇ ಗೊತ್ತಿತ್ತು — ಇಷ್ಟು ವರ್ಷವೂ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಸಾಲೋಟಗಿಯಲ್ಲಿ ನಿಮ್ಮ ತಮ್ಮ ಗುರಪ್ಪ ಹೊಸ ಮನೆ ಕಟ್ಟಿಸಿದಾಗ ಇಂಡಿಯಿಂದ ಹೋಗಿ ವೈರಿಂಗ್ ಮಾಡಿದವನು ನಾನು. ತೊಂಬತ್ತರ ದಶಕದ ಮಾತು. ಮಣ್ಣಿನ ಮಾಳಿಗೆ ಕೆಡವಿ ಸ್ಲ್ಯಾಬ್ ಹಾಕಿಸುವ ಹುರುಪು ಆಗ ಊರಿಗೆಲ್ಲ ಹತ್ತಿತ್ತು. ಹಳೆಯ ಮನೆಗಳಲ್ಲಾದರೆ ತೊಲೆಗೆ ಕಬ್ಬಿಣದ ಬಳೆ ಇರುತ್ತಿತ್ತು, ತೊಟ್ಟಿಲು ಅದಕ್ಕೆ ಕಟ್ಟುತ್ತಿದ್ದರು. ಸ್ಲ್ಯಾಬಿಗೆ ತೊಲೆಯೆಲ್ಲಿ? ಗುರಪ್ಪ ಮೊದಲೇ ಹೇಳಿದ್ದ: "ಪಡಸಾಲಿ ನಡುವ ಫ್ಯಾನಿನ ಹುಕ್ಕು ಗಟ್ಟಿ ಇರ್ಲಿ ಶಿವಾನಂದಣ್ಣ. ನಾಳೆ ತೊಟ್ಟಿಲಾನೂ ಅದಕ್ಕ ಕಟ್ಟಬೇಕು."

ಫ್ಯಾನ್ ಬಾಕ್ಸ್ ಬೇರೆ, ಲೈಟ್ ಬಾಕ್ಸ್ ಬೇರೆ. ಫ್ಯಾನಿನದಕ್ಕೆ ಅಡ್ಡಲಾಗಿ ಕಬ್ಬಿಣದ ಸರಳಿರುತ್ತದೆ. ಅದನ್ನು ಸ್ಲ್ಯಾಬಿನ ಸರಳಿಗೇ ಬಿಗಿದರೆ ಮನೆ ಇರುವವರೆಗೂ ಅಲುಗುವುದಿಲ್ಲ. ಲೈಟಿನದು ತೆಳು ತಗಡಿನ ಡಬ್ಬಿ, ಮುಚ್ಚಳಕ್ಕೆ ಎರಡು ಸಣ್ಣ ಸ್ಕ್ರೂ, ಅಷ್ಟೇ. ಸ್ಲ್ಯಾಬ್ ಹಾಕುವ ದಿನ ಫ್ಯಾನ್ ಬಾಕ್ಸನ್ನು ನಾನು ಇಂಡಿಯಲ್ಲೇ ಮರೆತು ಬಂದಿದ್ದೆ. ಕೆಳಗೆ ಕಾಂಕ್ರೀಟ್ ಕಲೆಸಿಯಾಗಿತ್ತು. ಆಳುಗಳೆಲ್ಲ ಕೇಳುವಂತೆ ಗಾರೆ ಕೆಲಸದ ಗೌಂಡಿ ನಗುತ್ತಾ, "ಏನ್ರಿ ವೈರ್‌ಮನ್ ಸಾಹೇಬ್ರ, ನಿಮ್ಮ ಪೂಜಾ ಮುಗೀತೇನ್ರಿ? ಮಾಲು ಬಿಗಿಯಾಕತ್ತೈತಿ" ಅಂದ. ಮರೆತಿದ್ದೇನೆ, ಒಂದು ತಾಸು ನಿಲ್ಲಿಸಿ ಅನ್ನಬೇಕಿತ್ತು. ಅನ್ನಲಿಲ್ಲ. ನಗುವವರ ಮುಂದೆ ಸಣ್ಣವನಾಗಲು ಮನಸ್ಸು ಬರಲಿಲ್ಲ — ಕೈಗೆ ಸಿಕ್ಕ ಲೈಟ್ ಬಾಕ್ಸನ್ನೇ ನಡುವೆ ಕೂರಿಸಿಬಿಟ್ಟೆ.

ಆ ಡಬ್ಬಿಯ ಮುಚ್ಚಳಕ್ಕೆ ಒಂದು ಚೀಟಿ ಅಂಟಿಸಿದ್ದರು. ದೀಪಕ್ಕೆ ಮಾತ್ರ, ಮೂರು ಕೆಜಿಗಿಂತ ಹೆಚ್ಚು ಭಾರ ಬೇಡ ಅಂತ ಅದರ ಅರ್ಥ. ಮುಚ್ಚಳಕ್ಕೆ ಹುಕ್ಕು ಜೋಡಿಸುವಾಗ ಆ ಚೀಟಿಯನ್ನು ಉಗುಳು ಹಚ್ಚಿ, ಉಗುರಿನಿಂದ ಕೆರೆದು ತೆಗೆದೆ. ಮರೆವಿಗೆ ಯಾರಾದರೂ ಕ್ಷಮೆ ಕೊಟ್ಟಾರು. ಚೀಟಿ ಕೆರೆದದ್ದು ಮರೆವಲ್ಲ. ಪಡಸಾಲೆಯ ನಡುವೆ ದೀಪವೇ ಚೆಂದ ಅಂತ ಗುರಪ್ಪನನ್ನು ಒಪ್ಪಿಸಿ, ಗಾಜಿನ ಒಂದು ದೀಪ ತೂಗುಹಾಕಿ ಕೈ ತೊಳೆದುಕೊಂಡೆ.

ಎರಡು ವರ್ಷಕ್ಕೆ ಗುರಪ್ಪನ ಹೆಂಡತಿ ಸಾವಕ್ಕ ಹಡೆದಳು. ಅವಳಿಗೆ ತವರಿನಲ್ಲಿ ತಾಯಿ ಇರಲಿಲ್ಲ. ಬಾಣಂತನ, ತೊಟ್ಟಿಲ ಕಾರ್ಯ ಎಲ್ಲ ಸಾಲೋಟಗಿಯಲ್ಲೇ ಆಯಿತು. ದೀಪ ಇಳಿಸಿ ಹುಕ್ಕು ಬಿಡಿಸಿಕೊಡಲು ನನ್ನನ್ನು ಕರೆದಿದ್ದರು. ಸಾವಕ್ಕ ಬಾಗಿಲಲ್ಲೇ ನಿಂತು ಕೇಳಿದಳು: "ಕೂಸು, ಗುಂಡಪ್ಪನ ಕಲ್ಲು ಎರಡೂ ತಡಿತೈತೇನ್ರಿ ಅಣ್ಣಾರ?"

"ಆನಿ ಕಟ್ರಿ, ತಡಿತೈತಿ" ಅಂದೆ.

ಒಂದು ತಾಸಿನ ಕಾರ್ಯ, ಹೇಗೋ ಕಳೆಯುತ್ತದೆ ಅಂದುಕೊಂಡೆ — ಇಲ್ಲ, ಏನು ಅಂದುಕೊಂಡೆನೋ ಈಗ ನೆನಪಿಲ್ಲ. ಅಂದುಕೊಳ್ಳುವುದನ್ನೇ ಬಿಟ್ಟಿದ್ದೆನೇನೋ.

ಕೂಸಿನ ಸೋದರತ್ತೆ ನೀವು. ಮುದ್ದೇಬಿಹಾಳದಿಂದ ಕುಬಸ, ಕುಂಚಿಗೆ ಹೊತ್ತು ಬಂದಿದ್ದಿರಿ. ಹಗ್ಗ ಕಟ್ಟಿದವರೂ ನೀವೇ. ಕೂಸಿಗಿಂತ ಮೊದಲು ಗುಂಡುಕಲ್ಲಿಗೆ ಅಂಗಿ ತೊಡಿಸಿ, ಗುಂಡಪ್ಪ ಅಂತ ಕರೆದು ತೂಗುವುದು ನಿಮ್ಮ ಮನೆಯ ಪದ್ಧತಿ. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ನನಗೆ ಜೋಗುಳ ಕೇಳುತ್ತಿತ್ತು. ಆಮೇಲೆ ದಡಲ್ ಅಂತ ಸದ್ದು. ಕೂಸಿನ್ನೂ ಸಾವಕ್ಕನ ತೊಡೆಯ ಮೇಲಿತ್ತು, ಬಿದ್ದದ್ದು ಕಲ್ಲು. ನೆಲಕ್ಕೆ ಹಾಸಿದ ಫರಸಿ ಕಲ್ಲು ಸೀಳಿತ್ತು. ಆ ಸೀಳು ಇವತ್ತಿಗೂ ಇದೆ.

ನಾನೇ ಮೊದಲು ಒಳಗೆ ನುಗ್ಗಿದೆ. "ಕರೆಂಟ್ ಐತಿ, ಎಲ್ಲಾರೂ ಒಳಗ ನಡೀರಿ" ಅಂತ ಗದರಿಸಿ ಪಡಸಾಲೆ ಖಾಲಿ ಮಾಡಿಸಿದೆ. ಎಲ್ಲರ ಕಣ್ಣು ಕೂಸಿನ ಮೇಲಿತ್ತು, ಯಾರೂ ತಲೆಯೆತ್ತಿ ನೋಡಲಿಲ್ಲ. ಮುಚ್ಚಳವನ್ನು ಹುಕ್ಕಿನ ಸಮೇತ ಮೇಲೆ ಒತ್ತಿ, ಸ್ಕ್ರೂಗೆ ದಾರ ಸುತ್ತಿ ಕೂರಿಸಿ, ಎಲ್ಲರನ್ನೂ ಕರೆದೆ. ಅವರು ಬಂದಾಗ ಹುಕ್ಕು ಮೇಲಿತ್ತು, ಹಗ್ಗ ನೆಲದ ಮೇಲಿತ್ತು. ಅವೆರಡೂ ಬೇರೆಯಾದದ್ದು ಹೇಗೆ ಅಂತ ಕೊನೆಗೆ ಹೇಳುತ್ತೇನೆ. ಅದನ್ನು ಹೇಳುವುದಕ್ಕೇ ಇಷ್ಟು ಸುತ್ತುತ್ತಿದ್ದೇನೆ.

"ಹುಕ್ಕು ಗಟ್ಟಿ ಐತ್ರಿ. ಗಂಟು ಬಿಚ್ಚೈತಿ" ಅಂದೆ, ಅಷ್ಟು ಹೆಂಗಸರ ಮುಂದೆ.

ನೀವು ನಿಮ್ಮ ಕೈಗಳನ್ನೇ ನೋಡಿಕೊಂಡಿರಿ. ನಿಮಗೆ ಮಕ್ಕಳಾಗಿರಲಿಲ್ಲ, ಹೆಂಗಸರು ಆ ಮಾತನ್ನು ಇದಕ್ಕೆ ಗಂಟು ಹಾಕಲು ತಡಮಾಡಲಿಲ್ಲ. ಹೆಸರು ಕರೆಯಲು ನಿಮ್ಮನ್ನು ಬಿಟ್ಟು ಸಾವಕ್ಕನ ತಂಗಿಯನ್ನು ಮುಂದೆ ತಂದರು.

ಅದೇ ವಾರ ಫ್ಯಾನ್ ಹಾಕುವ ನೆವದಿಂದ ಹೋಗಿ, ಸ್ಲ್ಯಾಬಿಗೆ ಆರಪಾರ ತೂತು ಹೊಡೆದು, ದಪ್ಪ ಸರಳು ಇಳಿಸಿ ಮೇಲುಗಡೆ ಕಬ್ಬಿಣದ ಪಟ್ಟಿ ಬಿಗಿದೆ. ತಪ್ಪು ತಿದ್ದಿದೆ ಅಂದುಕೊಂಡೆ. ನಾಲ್ಕು ವರ್ಷದ ಮೇಲೆ ಸಾವಕ್ಕನ ಮಗನ ತೊಟ್ಟಿಲು ಅಲ್ಲೇ ತೂಗಿದರು, ಸಾವಕ್ಕನ ತಂಗಿಯೇ ತೂಗಿದಳು, ಏನೂ ಆಗಲಿಲ್ಲ. "ನೋಡ್ರಿ, ಹುಕ್ಕು ಅದೇ, ಕೈ ಬ್ಯಾರೆ" ಅಂದಳಂತೆ ಒಬ್ಬಾಕೆ. ನಾನು ಕದ್ದು ಮಾಡಿದ ಆ ರಿಪೇರಿಯೇ ನಿಮ್ಮ ಮೇಲಿನ ಅಪವಾದಕ್ಕೆ ಸಾಕ್ಷಿಯಾಯಿತು. ಅದು ಕಿವಿಗೆ ಬಿದ್ದ ದಿನ ನನಗೆ ಊಟ ಸೇರಲಿಲ್ಲ. ಆದರೆ ಹೇಳಲೂ ಇಲ್ಲ.

ಆಮೇಲೊಮ್ಮೆ ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿರಿ. ನನ್ನ ಮೊಣಕಾಲು ನೋವು ವಿಚಾರಿಸಿದಿರಿ. ನಾನು ಕೇಳದಿದ್ದರೂ ನೀವೇ ಅಂದಿರಿ: "ಗಂಟು ಜಗ್ಗಿ ಜಗ್ಗಿ ನೋಡಿದ್ದೆ ಅಂತ ನೆನಪೈತ್ರಿ. ಆದ್ರ ನೆನಪು ಕಟಗೊಂಡು ಏನ್ ಮಾಡೋದು, ನನ್ನ ಕೈನ ಅಂಥದ್ದು. ನಿಮ್ಮ ಕೆಲಸಕ್ಕ ಕೆಟ್ಟ ಹೆಸರು ಬರಲಿಲ್ಲಲ್ಲ, ಅದ ಚಲೋ ಆತು." ನಾನು ತಲೆ ಅಲ್ಲಾಡಿಸಿದೆ. ಬಸ್ಸು ಬಂತು, ನೀವು ಹತ್ತಿದಿರಿ. ಅಂದು ಬಾಯಿ ಬಿಟ್ಟಿದ್ದರೂ ನಿಮಗೆ ಇಷ್ಟು ವರ್ಷ ಉಳಿಯುತ್ತಿದ್ದವು.

ಅಂದು ತೊಟ್ಟಿಲಿಗೆ ಹಾಕಬೇಕಿದ್ದ ಆ ಕೂಸು, ರೇಣುಕಾ, ಈಗ ತಾನೇ ತವರಿಗೆ ಬಂದು ಹಡೆದಿದ್ದಾಳೆ. ಬರುವ ಸೋಮವಾರ ತೊಟ್ಟಿಲು. ಫ್ಯಾನ್ ಇಳಿಸಿಕೊಡು ಅಂತ ಗುರಪ್ಪ ಹೇಳಿ ಕಳಿಸಿದ್ದಾನೆ. ನೀವು ಬಂದರೂ ಅಡುಗೆ ಮನೆ ಬಿಟ್ಟು ಬರುವುದಿಲ್ಲ, ಗೊತ್ತು. ನಿಮ್ಮನ್ನು ಪಡಸಾಲೆಗೆ ಕರೆಸುತ್ತೇನೆ. ಹೆಂಗಸರ ಮುಂದೆ ಆಡಿದ ಸುಳ್ಳನ್ನು ಅವರ ಮುಂದೆಯೇ ನುಂಗುತ್ತೇನೆ. ಅವರು ಉಗಿದರೆ ಉಗಿಯಲಿ. ನೀವು ಕ್ಷಮಿಸಬೇಕು ಅಂತ ಕೇಳುವುದಿಲ್ಲ.

ಉಳಿದದ್ದು ಇಷ್ಟು. ತೊಟ್ಟಿಲು ಬಿದ್ದಾಗ ಮುಚ್ಚಳ, ಹುಕ್ಕು, ಹಗ್ಗ ಒಟ್ಟಿಗೇ ಬಿದ್ದಿದ್ದವು, ತೊಟ್ಟಿಲ ಬಟ್ಟೆಯಡಿ ಮುಚ್ಚಿಹೋಗಿದ್ದವು. ನಿಮ್ಮ ಗಂಟು ಹುಕ್ಕಿನಲ್ಲಿ ಹಾಗೇ ಇತ್ತು. ಅದನ್ನು ಬಿಚ್ಚಿದವನು ನಾನು. ಉಗುರಿಗೆ ಬಗ್ಗಲಿಲ್ಲ, ಇಕ್ಕಳಕ್ಕೂ ಬಗ್ಗಲಿಲ್ಲ. ಕೊನೆಗೆ ಹಲ್ಲು ಹಚ್ಚಿ ಎಳೆದೆ — ಅಷ್ಟು ಗಟ್ಟಿಯಾಗಿ ಕಟ್ಟಿದ್ದಿರಿ, ಕಸ್ತೂರಕ್ಕ.