ಇಮಾಮಬಿಯ ಸೀರೆ ಬೇಲಿ

ಇಮಾಮಬಿಯ ಬಗ್ಗೆ ಊರಲ್ಲಿ ಬಾಯಿಗೆ ಬಂದಂತೆ ಮಾತಾಡುವವರು ಬಹಳ ಮಂದಿ. ಹಟಮಾರಿಯಂತೆ, ತಲೆತಿರುಕಿಯಂತೆ, ಗಂಡ ಹೋದ ಮೇಲೆ ಹೇಳುವವರು ಕೇಳುವವರು ಇಲ್ಲದವಳಂತೆ. ಅನ್ನಲಿ. ಯಂಕಂಚಿಯಲ್ಲಿ ಅವಳ ಹೊಲಕ್ಕೆ ಹೊಂದಿಯೇ ನನ್ನ ಹೊಲ. ಈ ಬೇಸಿಗೆಯಲ್ಲಿ ಆದದ್ದನ್ನು ಬದುವಿನ ಮೇಲೆ ನಿಂತು ನೋಡಿದವಳು ನಾನು, ಕಟ್ಟೆಯ ಮೇಲೆ ಕೂತು ಬೀಡಿ ಸೇದುವವರಲ್ಲ.

ಅವಳ ಕಸುಬು ಕೌದಿ ಹೊಲಿಯುವುದು. ಊರಿನ ಹೆಂಗಸರು ಹಳೆಯ ಸೀರೆಗಳನ್ನು ತಂದು ಅವಳ ಪಡಸಾಲೆಯಲ್ಲಿ ಹಾಕುತ್ತಾರೆ. ಅವಳು ಪದರದ ಮೇಲೆ ಪದರವಿಟ್ಟು, ಒಂದು ಸುಕ್ಕೂ ಇಲ್ಲದಂತೆ ಹೊಲಿದು ಕೊಡುತ್ತಾಳೆ. ಗಂಡ ತೀರಿಕೊಂಡ ಮೇಲೆ ಹೊಲವನ್ನು ತನ್ನ ಕೈಗೆ ಬಿಡು ಎಂದು ಮೈದುನ ಅಬ್ದುಲರಜಾಕ ಬೆನ್ನು ಬಿದ್ದ. ಇವಳು ಕಿವಿಗೆ ಹಾಕಿಕೊಳ್ಳದೆ ಹೆಬ್ಬೇವಿನ ಸಸಿ ನೆಟ್ಟಳು. ಹೆಂಗಸಿನ ಕೈಯಲ್ಲಿ ಗಿಡ ಬೆಳೆದ ಹಾಗೆಯೇ ಎಂದು ಅವನು ಹಿರಿಯರ ಮುಂದೆ ನಕ್ಕಾಗ ಇವಳಿಗೆ ಸಿಟ್ಟು ನೆತ್ತಿಗೇರಿತು.

"ಮಳಿ ಬೀಳೂತನಕ ಸಸಿ ನಿಲ್ಲಲಿಲ್ಲಂದ್ರ ಹೊಲಾ ನೀನ ತಗೋ," ಎಂದುಬಿಟ್ಟಳು.

ಹಿರಿಯರು ಹೂಂ ಅಂದರು. ಈ ಪುಣ್ಯಾತ್ಗಿತ್ತಿ ಎಂಥ ಮಾತು ಕೊಟ್ಟಳಪ್ಪ ಅಂದುಕೊಂಡೆ. ಬೇಸಿಗೆಯ ಎರೆಹೊಲದಲ್ಲಿ ಹಸಿರು ಅಂತ ಇದ್ದರೆ ಅದು ಅವಳ ಸಸಿಗಳು ಮಾತ್ರ. ಚಿಗರಿಗಳ, ಅಂದರೆ ಜಿಂಕೆಗಳ ಹಿಂಡು ಬೆಳಕು ಹರಿಯುವ ಹೊತ್ತಿಗೆ ಬಂದು ಎಳೆಯ ತುದಿಗಳನ್ನೆಲ್ಲ ಮೇಯುತ್ತದೆ. ಕೊಂಬಿನ ಗಂಡು ಚಿಗರಿ ಕಾಂಡಕ್ಕೆ ಕೊಂಬು ತಿಕ್ಕಿ ತೊಗಟೆ ಸುಲಿಯುತ್ತದೆ. ತೊಗಟೆ ಹೋದ ಸಸಿ ಬದುಕುವುದು ಕಷ್ಟ.

ಎಲ್ಲರೂ ಮಾಡುವಂತೆ ಇಮಾಮಬಿಯೂ ಸೀರೆಯ ಬೇಲಿ ಕಟ್ಟಿದಳು. ಆದರೆ ಕೌದಿಯ ಕೈ ಸುಮ್ಮನಿರಬೇಕಲ್ಲ. ಸೀರೆಗೆ ಸೀರೆ ಸೇರಿಸಿ ಹೊಲಿದು, ಮೇಲೊಂದು ಕೆಳಗೊಂದು ಹಗ್ಗಕ್ಕೆ ಬಿಗಿದು, ಹೊಲದ ಸುತ್ತ ಗೋಡೆಯನ್ನೇ ನಿಲ್ಲಿಸಿದಳು. ನೋಡಿದವರೆಲ್ಲ ಶಹಬ್ಬಾಸ್ ಅಂದರು. ಚಿಗರಿಗಳು ನಾಲ್ಕು ದಿನ ದೂರ ನಿಂತು ನೋಡಿದವು, ಆಮೇಲೆ ಚಂಗನೆ ಹಾರಿ ಒಳಗೆ ಬಂದು ಮೂಡಣ ಬದಿಯ ಸಾಲನ್ನು ಮುಗಿಸಿದವು.

ಆ ದಿನವೇ ರಜಾಕ ತಂತಿಯ ಸುರುಳಿ ಹೊತ್ತುಕೊಂಡು ಬಂದ.

"ಭಾಬಿ, ಸೀರಿಗೆ ಅವು ಹೆದರೂದಿಲ್ರಿ. ಕರೆಂಟ ಬಿಡೋಣು. ಒಂದು ಸತ್ತರ ಉಳದಾವು ಈ ಕಡಿ ಹಾಯೂದಿಲ್ಲ. ತಂತಿ ನಂದು, ಅದಕ್ಕ ಹೊಲದಾಗ ಅರ್ಧಾ ಪಾಲು ನನಗ ಕೊಡ್ರಿ."

"ನನ್ನ ಹೊಲದಾಗ ಹೆಣಾ ಬೀಳೂದಿಲ್ಲ ರಜಾಕ. ಚಿಗರಿದೂ ಇಲ್ಲ, ಮನಷ್ಯಾರದೂ ಇಲ್ಲ. ತಂತಿ ಎತ್ತು."

"ಮತ್ತ ಸಸಿ ಹೋದ್ರ?"

"ಎತ್ತು ಅಂದ್ನೆಲ್ಲ."

ಅವನು ಎತ್ತಲಿಲ್ಲ. ಇವಳೇ ಸುರುಳಿಯನ್ನು ದರದರ ಎಳೆದುಕೊಂಡು ಹೋಗಿ ಬಂಡಿ ದಾರಿಗೆ ಒಗೆದು ಬಂದಳು. ನನಗೆ ಹಾಯೆನಿಸಿತು.

ಎರಡು ದಿನ ಬಿಟ್ಟು ಬಿರುಗಾಳಿ ಬೀಸಿ ನನ್ನ ಹೊಲದ ಬದಿಯ ಒಂದು ಸೀರೆಯ ಕೆಳಗಿನ ಹೊಲಿಗೆ ಬಿಚ್ಚಿತು. ಸೀರೆ ಪಟಪಟ ಬಡಿದುಕೊಳ್ಳತೊಡಗಿತು. ಬೆಳಿಗ್ಗೆ ಆ ಬದಿಗೆ ಬಂದ ಹಿಂಡು ಬೆದರಿ ದಿಕ್ಕಾಪಾಲಾಗಿ ಓಡಿದ್ದನ್ನು ನಾವಿಬ್ಬರೂ ಕಂಡೆವು. ಇಮಾಮಬಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಸುಡ್ಲಿ ನನ್ನ ಹೊಲಿಗಿ. ಅರಿವಿ ಅಲ್ಲಾಡಬಾರದಂತ ಜನ್ಮಾ ಪೂರ್ತಿ ಹೊಲದೇನಿ. ಇಲ್ಲಿ ಅಲ್ಲಾಡಿದ್ರನ ಅವು ಹೆದರ್ತಾವು. ಸುನಂದಾ, ಕತ್ತರಿ ತಾ."

ತಾನೇ ಹಾಕಿದ ಹೊಲಿಗೆಗಳನ್ನು ತಾನೇ ಬಿಚ್ಚಿ, ಸೀರೆಗಳನ್ನು ಮೇಲಿನ ಹಗ್ಗಕ್ಕಷ್ಟೇ ಜೋತುಬಿಟ್ಟಳು. ದಾರಿಯಲ್ಲಿ ಹೋಗುವವರು ಇವಳಿಗೆ ಪೂರ್ತಿ ತಲೆ ಕೆಟ್ಟಿತು ಎಂದು ನಕ್ಕರು. ನನಗೆ ಸಿಟ್ಟು ಬಂತು, ಅವಳು ತಿರುಗಿಯೂ ನೋಡಲಿಲ್ಲ. ಹಿಂಡಿಗೆ ರೂಢಿಯಾಗಬಾರದೆಂದು ಆಗಾಗ ಸೀರೆಗಳ ಜಾಗವನ್ನೂ ಬದಲಿಸಿದಳು. ಒಂದೆರಡು ಚಿಗರಿ ಆಮೇಲೂ ನುಗ್ಗಿದವು, ಆದರೆ ಹಿಂಡು ಒಳಗೆ ಬರಲಿಲ್ಲ.

ಮೊದಲ ಮಳೆ ಬಿದ್ದ ಮೇಲೆ ರಜಾಕ ಅಂದು ಹೂಂ ಅಂದ ಹಿರಿಯರಲ್ಲಿ ಒಬ್ಬರಾದ ಶ್ರೀಶೈಲಪ್ಪನವರನ್ನು ಕರೆದುಕೊಂಡು ಬಂದ. ಹೋದ ಸಾಲನ್ನೇ ಮತ್ತೆ ಮತ್ತೆ ತೋರಿಸಿದ. ಉಳಿದ ಸಸಿಗಳೆಲ್ಲ ಸೊಂಟದೆತ್ತರಕ್ಕೆ ನಿಂತಿದ್ದವು. ಶ್ರೀಶೈಲಪ್ಪನವರು ಹೊಲವನ್ನೆಲ್ಲ ಒಂದು ಸುತ್ತು ಹಾಕಿ ಬಂದರು.

"ಗೆದ್ದಿ ಬಿಡವಾ ಇಮಾಮಬಿ. ಹೊಲಾ ನಿನಗ ಉಳೀತು."

ಹಿಗ್ಗುತ್ತಾಳೆ ಅಂದುಕೊಂಡೆ. ಅವಳ ಮುಖ ಕೆಂಪಗಾಯಿತು.

"ಉಳೀತು ಅಂದ್ರ ಏನ್ರಿ ಯಜಮಾನ್ರ? ಅದು ಎಂದ ಹೋಗಿತ್ತು? ಸಿಟ್ಟಿನಾಗ ನಾ ಒಂದು ಮಾತಾಡಿದೆ, ನೀವೆಲ್ಲಾ ಹೂಂ ಅಂದ್ರಿ. ನೀನೂ ನಿನ್ನ ಹೊಲಾ ಪಣಕ್ಕ ಇಡೋ ಅಂತ ಒಬ್ಬರರ ಇವಗ ಅಂದ್ರೇನು? ಸಸಿ ಅಷ್ಟೂ ಒಣಗಿದ್ರೂ ನಾ ಈ ಹೊಲಾ ಬಿಟ್ಟು ಏಳ್ತಿರಲಿಲ್ಲ."

ಶ್ರೀಶೈಲಪ್ಪನವರು ಬಂಡಿ ದಾರಿಯತ್ತ ಹೆಜ್ಜೆ ಹಾಕಿದರು. ರಜಾಕ ಬೈಕು ಹತ್ತಿದ. ಇಮಾಮಬಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಾಳಾದ ಸಾಲಿನಲ್ಲಿ ಹೊಸ ಸಸಿಗೆ ಗುಂಡಿ ತೋಡತೊಡಗಿದಳು.