ಗುರುತಿಲ್ಲದ ನಂಬರ್

ಶಿರಸಿ ಪೇಟೆಯ ಸಣ್ಣ ಅಂಗಡಿಗಳು ಮೊಬೈಲಿನಲ್ಲಿ ಹುಡುಕಿದರೆ ಸಿಗುವಂತೆ ಮಾಡುವುದು ನಮ್ಮ ಪರಿಚಯದ ಹುಡುಗಿಯೊಬ್ಬಳ ಕಸುಬು. ಮಾತಾಡುವಾಗ ಹೆಬ್ಬೆರಳು ಗಾಳಿಯಲ್ಲೇ ಪರದೆ ಸರಿಸುತ್ತಿತ್ತು. ಕಾಗದದಷ್ಟು ತೆಳ್ಳನೆಯ ಸಿಹಿತಿಂಡಿ ತೊಡದೇವು ಮಾರುವ ನನ್ನ ಅಂಗಡಿಯನ್ನು ನಕ್ಷೆಗೆ ಸೇರಿಸಿದಳು. ನನ್ನ ಹೆಂಡತಿ ಬೋರಲು ಮಡಕೆಯ ಮೇಲೆ ಹಿಟ್ಟು ಸವರುವುದನ್ನು ವಿಡಿಯೋ ಮಾಡಿ ಅದನ್ನೂ ಹಾಕಿದಳು. ಊರೆಲ್ಲ ನೋಡಿತು. ಆರ್ಡರ್ ಮಾತ್ರ ಒಂದೂ ಬರಲಿಲ್ಲ.

ದೂರಬೇಕೆಂದೇ ಅವಳನ್ನು ಕರೆಸಿದೆ. ಮಾತಿನ ನಡುವೆ ನನಗೊಂದು ಫೋನ್ ಬಂತು. ಗುರುತಿಲ್ಲದ ನಂಬರ್, ಯಾರೋ ಮೋಸದವರಿರಬೇಕೆಂದು ರೂಢಿಯಂತೆ ಕಟ್ ಮಾಡಿದೆ.

"ಗಿರಾಕಿ ಹೋದ, ಮಾವ. ಮೊದಲು ಫೋನ್ ಎತ್ತವು." ಎತ್ತಲೇಬೇಕೆಂದು ತಾಕೀತು ಮಾಡಿದಳು.

"ಗುರ್ತಿಲ್ದೋರದ್ದು ಎಂತಕ್ಕೆ ಎತ್ತವು?"

"ಗುರ್ತಿಲ್ದೋರು ಬರ್ಲಿ ಹೇಳೇ ಅಲ್ದಾ ಇಷ್ಟೆಲ್ಲ ಮಾಡಿದ್ದು?"

ಅದೇ ನಂಬರಿಗೆ ತಾನೇ ಫೋನ್ ಹಚ್ಚಿ ನನ್ನ ಕಿವಿಗಿಟ್ಟಳು. ಹುಬ್ಬಳ್ಳಿಯ ಹೆಂಗಸೊಬ್ಬರು ಮಗಳ ಸೀಮಂತಕ್ಕೆ ತೊಡದೇವು ಕೇಳಿದರು. "ಮೊದಲು ಫೋನ್ ಎತ್ತವು" ಎಂದು ಆಮೇಲೆ ಈ ಹುಡುಗಿ ಪೇಟೆಗೆಲ್ಲ ಹೇಳಿಕೊಂಡು ತಿರುಗಿದಳು.

ಮೊನ್ನೆ ಸಿದ್ದಾಪುರದಲ್ಲಿ ಅವಳ ಮದುವೆ. ಹಾರ ಹಾಕಿಕೊಂಡು ಗಂಡನ ಪಕ್ಕ ಫೋಟೋಕ್ಕೆ ನಿಂತಿದ್ದಳು. ಪಾಠ ಹೇಳಿದವಳನ್ನು ಪರೀಕ್ಷಿಸೋಣವೆಂದು, ಹಿಂದಿನ ಸಾಲಿನಲ್ಲಿ ಕೂತು ಹೊಸ ಸಿಮ್ಮಿನಿಂದ ಕರೆ ಮಾಡಿದೆ.

ಫೋಟೋದವನನ್ನು ಕೈಸನ್ನೆಯಲ್ಲೇ ನಿಲ್ಲಿಸಿ ಫೋನ್ ಎತ್ತಿದಳು.

"ನಮಸ್ಕಾರ, ಹೇಳಿ. ಎಂತ ಬೇಕಾಗಿತ್ತು?"